ಅತಿಥಿಯ ಲೆಕ್ಕದ ಪುಸ್ತಕ

ಪರದೇಶದಲ್ಲಿ ಬಂಡವಾಳ ಹೂಡಿ ವ್ಯಾಪಾರ ನಡೆಸುವ ಕಂಪೆನಿಯು ಆ ದೇಶಕ್ಕೆ ಅತಿಥಿಯೋ, ಒಡೆಯನೋ? ಒಪ್ಪಂದಕ್ಕೆ ಒಮ್ಮೆ ರುಜು ಬಿದ್ದ ಬಳಿಕ ಈ ಪ್ರಶ್ನೆಗೆ ಎಡೆಯಿಲ್ಲವೆಂಬುದು ಕೆಲವರ ಮತ. ಇದನ್ನು ಒರೆಗೆ ಹಚ್ಚಲು ಪರ್ಷಿಯಾ, ಎಂದರೆ ಇರಾನ್ ದೇಶದ ಕಲ್ಲೆಣ್ಣೆಯ ವೃತ್ತಾಂತವು ತಕ್ಕುದಾಗಿದೆ.

1901ರಲ್ಲಿ ಅಲ್ಲಿಯ ದೊರೆಯು ವಿಲಿಯಂ ಡಾರ್ಸಿ ಎಂಬ ಆಂಗ್ಲ ಧನಿಕನಿಗೆ, ರಾಜ್ಯದ ಬಹುಭಾಗದಲ್ಲಿ ಎಣ್ಣೆ ತೆಗೆಯುವ ಹಕ್ಕನ್ನು 60 ವರ್ಷಗಳಿಗೆ ಬರೆದುಕೊಟ್ಟನು. ವರ್ಷವರ್ಷವೂ ದೇಶಕ್ಕೆ ಸಲ್ಲತಕ್ಕುದು ನಿವ್ವಳ ಲಾಭದಲ್ಲಿ ನೂರಕ್ಕೆ 16 ಪಾಲು. ಏಳು ವರ್ಷಗಳು ಕಳೆದು, 1908ರಲ್ಲಿ ಮಸ್ಜಿದ್ ಸುಲೇಮಾನಿನಲ್ಲಿ ಎಣ್ಣೆ ಚಿಮ್ಮಿತು. ಮರುವರ್ಷ ಕಂಪೆನಿಯು ಸ್ಥಾಪಿತವಾಯಿತು. 1914ರಲ್ಲಿ ಬ್ರಿಟಿಷ್ ಸರ್ಕಾರವೇ ಅದರಲ್ಲಿ ಅರ್ಧಕ್ಕೆ ಮಿಗಿಲಾದ ಪಾಲನ್ನು ಕೊಂಡಿತು.

ಕಂಪೆನಿಯ ಪಕ್ಷದ ವಾದವು ಹುರುಳಿಲ್ಲದ್ದಲ್ಲ. ಎಣ್ಣೆ ಸಿಕ್ಕದೆ ಹೋಗಿದ್ದರೆ ದೊರೆಯು ನಷ್ಟವನ್ನು ಹಂಚಿಕೊಳ್ಳುತ್ತಿದ್ದನೇ? ಲಾಭ ಕಂಡೊಡನೆ ಕೊಟ್ಟ ಮಾತನ್ನು ಮುರಿಯುವುದಾದರೆ ಲೋಕದಲ್ಲಿ ಯಾರನ್ನು ಯಾರು ನಂಬಿಯಾರು?

ಆದರೆ ನಿವ್ವಳ ಲಾಭವಿಷ್ಟೆಂದು ಹೇಳುವವರಾರು? ಕಂಪೆನಿಯೇ. ಅದರ ಲೆಕ್ಕದ ಪುಸ್ತಕಗಳನ್ನು ಬೇಕಾದಾಗ ತೆರೆದು ನೋಡುವ ಅಧಿಕಾರ ತಮಗಿಲ್ಲವೆಂಬುದು ಇರಾನಿನವರ ಬಹುಕಾಲದ ದೂರು. 1933ರಲ್ಲಿ ಒಪ್ಪಂದವನ್ನು ತಿದ್ದಿದಾಗ ಅವಧಿಯು 1993ರವರೆಗೆ ಬೆಳೆಯಿತೇ ಹೊರತು ಸಂಶಯವು ಕಳೆಯಲಿಲ್ಲ. ಕೊನೆಕೊನೆಗೆ ಕಂಪೆನಿಯು ಬ್ರಿಟನ್ನಿಗೆ ತೆತ್ತ ತೆರಿಗೆಯೇ ಇರಾನಿಗೆ ಕೊಟ್ಟ ಪಾಲನ್ನು ಮೀರಿತು. ಇಬ್ಬರೂ ತಿಳಿದು ಆಡಿದ ಮಾತಿಗೆ ಸತ್ಯದ ಬಲವುಂಟು. ಒಬ್ಬನು ಕಣ್ಣು ತೆರೆದು, ಮತ್ತೊಬ್ಬನು ಕಣ್ಣು ಕಟ್ಟಿಸಿಕೊಂಡು ಆಡಿದ ಮಾತಿಗೆ ಕಾಗದದ ಬಲ ಮಾತ್ರ.

1950ರ ಕೊನೆಗೆ, ನೆರೆಯ ಸೌದಿ ಅರೇಬಿಯದಲ್ಲಿ ಅಮೆರಿಕದ ಕಂಪೆನಿಯು ಲಾಭವನ್ನು ಸಮಪಾಲು ಮಾಡಲು ಒಪ್ಪಿತು. ಇರಾನಿನಲ್ಲಿ ಅಂಥ ಸಂಧಿಗೆ ಕಾಲ ಮಿಂಚಿತ್ತು. 1951ರಲ್ಲಿ ಅಲ್ಲಿಯ ಎಣ್ಣೆಯು ರಾಷ್ಟ್ರದ ಸ್ವತ್ತಾಯಿತು. ಆ ಕಾರ್ಯದ ಮುಂದಾಳಾದ ಪ್ರಧಾನಿ ಮೊಸದ್ದೆಕ್ ಅವರನ್ನು 1953ರಲ್ಲಿ ಬ್ರಿಟನ್ ಮತ್ತು ಅಮೆರಿಕಗಳ ಗೂಢಚಾರರ ನೆರವಿನಿಂದ ಪದಚ್ಯುತಗೊಳಿಸಲಾಯಿತು. ಆದರೂ 1954ರ ಹೊಸ ಒಪ್ಪಂದದಲ್ಲಿ ಸಮಪಾಲನ್ನು ಕೊಡದೆ ವಿಧಿಯಿರಲಿಲ್ಲ. ಹಣವು ಹಂಚಿಕೆಯಾಯಿತು, ಕಳೆದುಹೋದ ವಿಶ್ವಾಸವನ್ನು ತರುವ ಕಲಮು ಯಾವ ಒಪ್ಪಂದದಲ್ಲಿದೆ?

ಉಂಡ ಮನೆಯ ಜಂತೆ ಎಣಿಸಬಾರದೆಂದು ಗಾದೆಯುಂಟು. ಅದು ಅತಿಥಿಗೆ ಹೇಳಿದ ಬುದ್ಧಿ. ತನ್ನ ಜಂತೆಗಳನ್ನು ತಾನೇ ಎಣಿಸಿ ನೋಡಹೊರಟ ಮನೆಯೊಡೆಯನನ್ನು ತಡೆಯುವ ಅಧಿಕಾರವನ್ನು ಅದು ಯಾವ ಅತಿಥಿಗೂ ಕೊಟ್ಟಿಲ್ಲ.