ಬೆವರಿನ ನಾಚಿಕೆ ಯಾರದು?

ಹನ್ನೆರಡು ವರ್ಷ ನನ್ನನ್ನು ಒಂದು ದಿನವೂ ಕೈಬಿಡದ ವಸ್ತುವೊಂದಿತ್ತು. ಕಂಕುಳಿಗೆ ಹಚ್ಚಿಕೊಳ್ಳುವ, ಬೆವರು ತಡೆಯುವ ಸಣ್ಣದೊಂದು ರೋಲ್-ಆನ್ ಶೀಶೆ. ಯಾದಗಿರಿಯಿಂದ ಭೀಮಾ ನದಿ ದಾಟಿ ಶಹಾಪುರದ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ನನಗೆ, ಬುರ್ಖಾದೊಳಗಿನ ಏಪ್ರಿಲ್ ತಿಂಗಳನ್ನು ದಾಟಿಸುತ್ತಿದ್ದುದೂ ಅದೇ. ನಮ್ಮ ಕಡೆಯ ಬೇಸಿಗೆ ಗೊತ್ತಿದ್ದವರಿಗೆ ಇದು ಸಣ್ಣ ಮಾತಲ್ಲ. ನಲವತ್ತು ಡಿಗ್ರಿ ಇಲ್ಲಿ ಸುದ್ದಿಯೇ ಅಲ್ಲ.

ಹೋದ ಬೇಸಿಗೆಯಲ್ಲಿ ಅದು ಇದ್ದಕ್ಕಿದ್ದಂತೆ ಕೈಕೊಟ್ಟಿತು. ಎರಡನೇ ಪಿರಿಯಡ್ ಮುಗಿಯುವಷ್ಟರಲ್ಲಿ ಬಟ್ಟೆ ಒದ್ದೆ. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಕೂತಿದ್ದ ಗೆಳತಿ ಏನೂ ಹೇಳಲಿಲ್ಲ. ಸುಮ್ಮನೆ ಎದ್ದು ಕಿಟಕಿ ತೆರೆದಳು. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಅಲ್ಲಿಂದ ನನ್ನ ಹುಡುಕಾಟ ಶುರುವಾಯಿತು. ಅಂಗಡಿಯಿಂದ ಮೂರು ಬೇರೆ ಬೇರೆ ಶೀಶೆ ತಂದೆ. ಅವುಗಳಲ್ಲಿ ಎರಡು ಬರೀ ಡಿಯೋಡರೆಂಟ್ ಎಂದು ಲೇಬಲ್ ಓದಿದ ಮೇಲೆ ತಿಳಿಯಿತು. ಡಿಯೋಡರೆಂಟ್ ವಾಸನೆಯನ್ನು ತಗ್ಗಿಸುತ್ತದೆ, ಬೆವರನ್ನು ನಿಲ್ಲಿಸುವುದಿಲ್ಲ. ಸುರಪುರದ ಆಪಾ ಖಸ್ ಅತ್ತರು ಕಳಿಸಿದರು. ಲಾವಂಚದ ಆ ತಂಪು ಪರಿಮಳ ನನಗೆ ಚಿಕ್ಕಂದಿನಿಂದ ಪ್ರಿಯ. ಆದರೆ ಬೆವರಿನ ಮೇಲೆ ಹಚ್ಚಿದ ಅತ್ತರು ಬೆವರಿನ ಜೊತೆ ಜಗಳಕ್ಕೆ ನಿಲ್ಲುತ್ತದೆ, ಗೆಲ್ಲುವುದಿಲ್ಲ. ಅಮ್ಮಿ ಫಟ್ಕರಿ ಉಜ್ಜು ಎಂದರು. ಒಂದಿಷ್ಟು ಅನುಕೂಲವಾಯಿತು, ಸಾಲಲಿಲ್ಲ.

ಕೊನೆಗೆ ಚರ್ಮದ ಡಾಕ್ಟರ ಬಳಿ ಹೋದೆ. ಆ ಹೆಣ್ಣುಮಗಳು ನಗದೆ, ಅವಸರಪಡದೆ ಕೇಳಿಸಿಕೊಂಡರು. ನಮ್ಮ ಮೈಯಲ್ಲಿ ಇಪ್ಪತ್ತರಿಂದ ನಲವತ್ತು ಲಕ್ಷ ಬೆವರು ಗ್ರಂಥಿಗಳಿವೆ; ಬೆವರು ಆರುವಾಗ ಮೈ ತಂಪಾಗುತ್ತದೆ. ಬೆವರಿಗೆ ತನ್ನದೇ ಆದ ವಾಸನೆ ಇಲ್ಲವೆಂದೇ ಹೇಳಬಹುದು. ಕಂಕುಳಿನ ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ವಾಸನೆ ಹುಟ್ಟುತ್ತದೆ. ಬೆವರು ತಡೆಯುವ ಔಷಧದಲ್ಲಿರುವ ಅಲ್ಯೂಮಿನಿಯಂ ಲವಣ ಗ್ರಂಥಿಯ ಬಾಯಿಯಲ್ಲಿ ತಾತ್ಕಾಲಿಕ ಬಿರಡೆಯಂತೆ ಕೂರುತ್ತದೆ. ಕ್ಷೌರದಂಗಡಿಯ ಫಟ್ಕರಿಯೂ ಅದೇ ಕುಲದ್ದು.

"ಮೈಗೆ ರೂಢಿಯಾಗಿ ಕೆಲಸ ಮಾಡೋದು ಬಿಡ್ತು ಅಂತಾರಲ್ಲ, ಹೌದೇನ್ರಿ?" ಎಂದೆ. "ಹಂಗಂತ ಗಟ್ಟಿ ಪುರಾವೆ ಇಲ್ರಿ. ನಿಮ್ಮ ವಯಸ್ಸೆಷ್ಟು?" ಎಂದರು. ನಲವತ್ತಾರು ಎಂದೆ. ಥೈರಾಯ್ಡ್ ಮತ್ತು ಸಕ್ಕರೆಯ ಪರೀಕ್ಷೆ ಮಾಡಿಸಿದರು. ಎರಡೂ ಸರಿಯಿದ್ದವು. ಮುಟ್ಟು ನಿಲ್ಲುವ ವಯಸ್ಸು ಹತ್ತಿರವಾದಾಗ ಮೈಯಲ್ಲಿ ಬಿಸಿ ಏರಿ ಹೀಗೆ ಬೆವರುವುದುಂಟು ಎಂದರು. ಶೀಶೆ ನನಗೆ ಮೋಸ ಮಾಡಿರಲಿಲ್ಲ. ನಾನೇ ಬದಲಾಗಿದ್ದೆ.

ಅಲ್ಯೂಮಿನಿಯಂ ಕ್ಲೋರೈಡ್ ಇರುವ, ಹೆಚ್ಚು ಶಕ್ತಿಯ ದ್ರಾವಣ ಬರೆದುಕೊಟ್ಟರು. ಬೆಳಿಗ್ಗೆ ಸ್ನಾನವಾದ ಕೂಡಲೇ ಒದ್ದೆ ಮೈಗಲ್ಲ, ರಾತ್ರಿ ಮಲಗುವಾಗ ಪೂರ್ತಿ ಒಣಗಿದ ಚರ್ಮಕ್ಕೆ ಹಚ್ಚಬೇಕು. ರಾತ್ರಿ ಬೆವರು ಕಡಿಮೆಯಾದ್ದರಿಂದ ಬಿರಡೆ ಸರಿಯಾಗಿ ಕೂರುತ್ತದೆ. ಕೂದಲು ತೆಗೆದ ದಿನ ಹಚ್ಚಬಾರದು, ಉರಿಯುತ್ತದೆ. ಎರಡನೇ ವಾರಕ್ಕೆ ಗುಣ ಕಂಡಿತು.

ಶೀಶೆಯ ಕಥೆ ಇಲ್ಲಿಗೆ ಮುಗಿಯಿತು. ಆದರೆ ಆ ತೆರೆದ ಕಿಟಕಿ ಇನ್ನೊಂದು ನೆನಪನ್ನು ಒಳಗೆ ತಂದಿತ್ತು.

ಕೆಲವು ವರ್ಷಗಳ ಹಿಂದೆ, ಶಹಾಪುರದಿಂದ ಮರಳುವ ಸಂಜೆಯ ಬಸ್ಸಿನಲ್ಲಿ, ಒಬ್ಬ ಕೂಲಿ ಹೆಣ್ಣುಮಗಳು ನನ್ನ ಪಕ್ಕ ಕೂತಿದ್ದಳು. ದಿನವಿಡೀ ಮೆಣಸಿನಕಾಯಿ ಬಿಡಿಸಿ ಬಂದವಳು. ನನಗರಿವಿಲ್ಲದೆ ನಕಾಬಿನ ಅಂಚು ಮೂಗಿಗೆ ಒತ್ತಿಕೊಂಡೆ. ಅವಳು ನೋಡಿದಳು. "ನಾ ನಿಂದರ್ತೀನ್ರಿ ಅಕ್ಕೋರೆ, ಹೊಲದಾಗಿಂದ ಬಂದೀನಿ" ಎಂದು ಎದ್ದು ನಿಂತಳು. ಕೂಡ್ರು ಎಂದು ನಾನು ಹೇಳಲಿಲ್ಲ. ಊರು ಬರುವವರೆಗೆ ಅವಳು ಕಂಬಿ ಹಿಡಿದು ನಿಂತೇ ಇದ್ದಳು. ಪಕ್ಕದ ಖಾಲಿ ಜಾಗದಲ್ಲಿ ನನ್ನ ಬ್ಯಾಗು ಕೂತಿತ್ತು.

ಬೆವರಿದರೆ ನಾಚಬೇಕು ಎಂದು ನಮಗೆ ಕಲಿಸಿದವರು ಯಾರು? ಅಮೆರಿಕದ ಸಿನ್ಸಿನಾಟಿಯ ವೈದ್ಯರೊಬ್ಬರು ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ತಮ್ಮ ಅಂಗೈ ಬೆವರದಿರಲೆಂದು ಒಂದು ದ್ರಾವಣ ಮಾಡಿಕೊಂಡಿದ್ದರು. ಅವರ ಮಗಳು ಎಡ್ನಾ ಮರ್ಫಿ ಅದನ್ನು 'ಓಡೊರೊನೊ' ಎಂಬ ಹೆಸರಿನಲ್ಲಿ ಮಾರಲು ಹೊರಟರು. ಮೊದಮೊದಲು ಕೊಳ್ಳುವವರು ಕಡಿಮೆ; ಬೆವರು ರೋಗವೆಂದು ಹೆಚ್ಚಿನವರಿಗೆ ಅನಿಸಿರಲಿಲ್ಲ. 1919ರಲ್ಲಿ ಮಹಿಳೆಯರ ಪತ್ರಿಕೆಯೊಂದರಲ್ಲಿ ಬಂದ ಜಾಹೀರಾತು, ನಿಮ್ಮ ವಾಸನೆ ನಿಮಗೇ ತಿಳಿಯದೆ ಇರಬಹುದು, ಜನ ಹೇಳದೆ ದೂರವಾಗುತ್ತಾರೆ ಎಂಬ ಭಯವನ್ನು ಹುಟ್ಟಿಸಿತು. ಸುಮಾರು ಇನ್ನೂರು ಓದುಗರು ಸಿಟ್ಟಾಗಿ ಪತ್ರಿಕೆಯ ಚಂದಾ ನಿಲ್ಲಿಸಿದರು. ಆದರೆ ಮಾರಾಟ ಒಂದೇ ವರ್ಷದಲ್ಲಿ ದುಪ್ಪಟ್ಟಿಗೂ ಮೀರಿತು. ಮದ್ದಿಗಿಂತ ಹೆಚ್ಚಾಗಿ ಮಾರಾಟವಾದದ್ದು ಆ ಭಯ.

ಹಾಗೆಂದು ಶುಚಿತ್ವವೇ ಬೇಡವೆಂದಲ್ಲ. ಹಸಿ ಬೆಳ್ಳುಳ್ಳಿ, ಈರುಳ್ಳಿ ತಿಂದು ಮಸೀದಿಗೆ ಬರಬೇಡಿ, ಜುಮಾದ ದಿನ ಸ್ನಾನ ಮಾಡಿ ಸುಗಂಧ ಹಚ್ಚಿಕೊಳ್ಳಿ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಪಕ್ಕದವರ ಮೂಗಿಗೂ ಒಂದು ಹಕ್ಕಿದೆ ಎಂಬುದು ಇದರ ತಾತ್ಪರ್ಯ. ಆದರೆ ಕೂಲಿಯವನ ಬೆವರು ಆರುವ ಮೊದಲೇ ಅವನ ಕೂಲಿ ಕೊಟ್ಟುಬಿಡಬೇಕೆಂದು ಕಲಿಸಿದವರೂ ಅವರೇ. ಮೊದಲನೆಯ ಮಾತು ನನ್ನ ಬೆವರಿನ ಬಗ್ಗೆ, ಎರಡನೆಯದು ಇನ್ನೊಬ್ಬರ ಬೆವರಿನ ಬಗ್ಗೆ. ನಾವು ಇವೆರಡನ್ನೂ ಅದಲುಬದಲು ಮಾಡಿಕೊಂಡಿದ್ದೇವೆ. ಶುಚಿತ್ವದ ನಿಯಮವನ್ನು ಪರರಿಗೆ ಹೇರಿ, ಅವರಿಗೆ ಕೊಡಬೇಕಾದ ಕೂಲಿಯನ್ನು ಮರೆಯುತ್ತೇವೆ.

ನಮ್ಮ ಮನೆಯ ಛತ್ತಿಗೆ ಸಿಮೆಂಟ್ ಬುಟ್ಟಿ ಹೊತ್ತವರಿಗೆ "ಜುಮಾ ಆದ ಮೇಲೆ ಬಾ" ಎಂದು ಎರಡು ವಾರ ಅಲೆದಾಡಿಸಿದ್ದು ನನಗೆ ನೆನಪಿದೆ. ಅವರು ಬಾಗಿಲಿಗೆ ಬಂದಾಗ ಬೆವರಿನ ವಾಸನೆ ನನಗೆ ತಟ್ಟಿತ್ತು. ಆ ಬೆವರಿಗೆ ನಾನಿನ್ನೂ ಹಣ ಕೊಟ್ಟಿಲ್ಲ ಎಂಬುದು ತಟ್ಟಿರಲಿಲ್ಲ.

ಸ್ವಚ್ಛವಾಗಿರಲು ನೀರು ಬೇಕು, ಸೋಪು ಬೇಕು, ಬದಲಿ ಬಟ್ಟೆ ಬೇಕು, ನೆರಳಿನ ಕೆಲಸ ಬೇಕು. ಇವೆಲ್ಲ ಇದ್ದೂ ಒಂದು ಬೇಸಿಗೆಯಲ್ಲಿ ನನ್ನ ಮೈ ನನ್ನ ಮಾತು ಕೇಳಲಿಲ್ಲ. ಇವು ಯಾವುದೂ ಇಲ್ಲದೆ ಬಿಸಿಲಲ್ಲಿ ದುಡಿದು, ಮನೆಗೆ ಹೋಗಿ ಎರಡು ಕೊಡ ನೀರಿಗಾಗಿ ಪಾಳಿ ನಿಲ್ಲುವವಳನ್ನು ನಾನು ಯಾವ ಮುಖದಿಂದ ಅಳೆಯಲಿ? ಶುಚಿತ್ವ ನನಗೆ ನಾನು ಹಾಕಿಕೊಳ್ಳುವ ಶಿಸ್ತು. ಅದು ಇನ್ನೊಬ್ಬರನ್ನು ಅಳೆಯುವ ಗಜಕಡ್ಡಿಯಾದ ಕ್ಷಣದಿಂದ ಅಹಂಕಾರವಾಗುತ್ತದೆ.

ಈಗಲೂ ರಾತ್ರಿ ಆ ದ್ರಾವಣ ಹಚ್ಚಿಕೊಳ್ಳುತ್ತೇನೆ. ಗೆಳತಿ ಕಿಟಕಿ ತೆರೆಯುವ ಪ್ರಸಂಗ ಮತ್ತೆ ಬಂದಿಲ್ಲ. ಸಂಜೆಯ ಬಸ್ಸಿನಲ್ಲಿ ಮಾತ್ರ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತೇನೆ. ಆ ಹೆಣ್ಣುಮಗಳು ಮತ್ತೆ ಸಿಕ್ಕಿಲ್ಲ. ಅಂದು ಹೇಳದೆ ಉಳಿದ "ಕೂಡ್ರವ್ವ" ಎಂಬ ಒಂದು ಮಾತನ್ನು ಈಗ ಯಾರಿಗೆ ಹೇಳಿದರೂ ಅವಳ ಬಾಕಿ ತೀರುತ್ತದೆಯೇ ಎಂಬುದು ನನಗೆ ಗೊತ್ತಿಲ್ಲ. ಹೇಳುವುದನ್ನಂತೂ ಬಿಟ್ಟಿಲ್ಲ.