ಬಿಸಾಡಲ್ಪಟ್ಟ ಹರಳು

ಇಂಗ್ಲೆಂಡ್ ದೇಶದ ಉತ್ತರಭಾಗದಲ್ಲಿರುವ ಡರ್ಹಾಮ್ ಸೀಮೆಯಲ್ಲಿ ವಿಯರ್‌ಡೇಲ್ ಎಂಬ ಕಣಿವೆಯುಂಟು. ಪೂರ್ವದಲ್ಲಿ ಅಲ್ಲಿಯ ಬಡಜನರು ಸೀಸದ ಗಣಿಗಳಲ್ಲಿ ದುಡಿದು ಹೊಟ್ಟೆ ಹೊರೆಯುತ್ತಿದ್ದರು. ಅವರಲ್ಲಿ ಅನೇಕರು ಮೆಥೋಡಿಸ್ಟ್ ಸಭೆಯವರು. ಅದಿರಿನೊಂದಿಗೆ ಫ್ಲೋರ್‌ಸ್ಪಾರ್ ಎಂಬ ಕಲ್ಲೂ ಅವರಿಗೆ ಸಿಕ್ಕುತ್ತಿತ್ತು. ಬಹು ಪುರಾತನ ಕಾಲದಲ್ಲಿ ಭೂಗರ್ಭದಿಂದ ಮೇಲೇರಿದ ಬಿಸಿಯಾದ ಉಪ್ಪುನೀರಿನಿಂದ ಅದು ಬಂಡೆಯ ಬಿರುಕುಗಳಲ್ಲಿ ಚೌಕವಾದ ಹರಳುಗಳಾಗಿ ಬೆಳೆಯಿತು. ಅದರಲ್ಲಿ ಸೀಸವಿಲ್ಲದ್ದರಿಂದ ಅದನ್ನು ಕಸವೆಂದೆಣಿಸಿ ಗಣಿಯ ಹೊರಗೆ ಸುರಿಯುತ್ತಿದ್ದರು. ಆದರೂ ಗಣಿಯಾಳುಗಳು ಅಂದವಾದ ಹರಳುಗಳನ್ನು ಮನೆಗೆ ತಂದು, ಮರದ ಪೆಟ್ಟಿಗೆಗಳಲ್ಲಿ ಕನ್ನಡಿಗಳ ನಡುವೆ ಜೋಡಿಸಿ ಸಂತೋಷಪಡುತ್ತಿದ್ದರು. ಕಿಲ್‌ಹೋಪ್ ಎಂಬ ಹಳೇ ಗಣಿಯಲ್ಲಿ ಸ್ಥಾಪಿತವಾದ ವಸ್ತುಸಂಗ್ರಹಾಲಯವು ಅಂಥ ಪೆಟ್ಟಿಗೆಗಳಿಗೆ ಪ್ರಸಿದ್ಧವಾಗಿತ್ತು.

19ನೇ ಶತಮಾನದ ಅಂತ್ಯದಲ್ಲಿ ಸೀಸದ ಬೆಲೆ ಇಳಿದು, ಗಣಿಗಳು ಒಂದೊಂದಾಗಿ ಮುಚ್ಚಿದವು. ಆಮೇಲೆ ಉಕ್ಕು ತಯಾರಿಸುವವರಿಗೆ ಈ ಫ್ಲೋರ್‌ಸ್ಪಾರೇ ಬೇಕಾಯಿತು. ಒಡೆಯರು ಬಿಸಾಡಿದ್ದಕ್ಕೇ ಬೆಲೆ ಬಂತು! ಈಗ ಹರಳುಗಳನ್ನು ಸಂಗ್ರಹಿಸುವವರು ಅದನ್ನು ಆಸೆಯಿಂದ ಹುಡುಕುತ್ತಾರೆ. ಆ ಕಣಿವೆಯ ರಾಜರ್ಲಿ ಎಂಬ ಸ್ಥಳದ ಹರಳು ದೀಪದ ಬೆಳಕಿನಲ್ಲಿ ಹಸುರಾಗಿ ಕಾಣುವದು. ಬಿಸಿಲಿಗೆ ಹಿಡಿದರೆ ನೇರಳೆಗೂಡಿದ ನೀಲಿಬಣ್ಣ ತಾಳುವದು. ಸ್ಟೋಕ್ಸ್ ಎಂಬ ವಿದ್ವಾಂಸನು 1852ರಲ್ಲಿ ಇಂಥಾ ಹೊಳಪಿಗೆ ಈ ಕಲ್ಲಿನ ಹೆಸರಿನಿಂದಲೇ ಹೆಸರಿಟ್ಟನು. ಕತ್ತಲಲ್ಲಿ ಬಿದ್ದಿದ್ದಾಗ ಅದರ ಅಂದವನ್ನು ಯಾರು ಬಲ್ಲವರಾಗಿದ್ದರು?

ಆದರೆ ಪಾಳುಗಣಿಯನ್ನು ಹೊಗುವದು ಅಪಾಯಕರವಾದದ್ದು. ಅಲ್ಲಿ ಆಧಾರದ ಮರಗಳು ಕೊಳೆತಿರುತ್ತವೆ. ಆಳವಾದ ಕುಣಿಗಳು ನೀರಿನಡಿಯಲ್ಲಿ ಮರೆಯಾಗಿರುತ್ತವೆ. ಕೆಟ್ಟ ಗಾಳಿಯು ವಾಸನೆಯನ್ನೂ ತೋರಿಸದೆ ಉಸಿರನ್ನು ನಿಲ್ಲಿಸುವದು. ಆದಕಾರಣ ಬುದ್ಧಿವಂತರು ಒಡೆಯನ ಅಪ್ಪಣೆಯಿಲ್ಲದೆಯೂ ಒಂಟಿಯಾಗಿಯೂ ಒಳಗೆ ಹೋಗುವದಿಲ್ಲ. ಹರಳನ್ನು ಕಂಡರೂ ಅದರ ಮೇಲೆ ಸುತ್ತಿಗೆ ಹೊಡೆಯುವದಿಲ್ಲ, ಯಾಕಂದರೆ ಒಂದೇ ಪೆಟ್ಟಿಗೆ ಅದು ಸೀಳಿಹೋಗುವದು. ಸುತ್ತಲಿನ ಬಂಡೆಯನ್ನು ತಾಳ್ಮೆಯಿಂದ ಬಿಡಿಸುತ್ತಾರೆ.

ಪ್ರಿಯರೇ, ನಮ್ಮ ಸಭೆಗಳಲ್ಲಿಯೂ ಇಂಥಾ ಕಸದ ರಾಶಿ ಇಲ್ಲವೋ? ಕುಡಿತಕ್ಕೆ ಬಿದ್ದ ಒಬ್ಬ ಯೌವನಸ್ಥನ ಕುರಿತು ಹಿರಿಯರು, ಇವನಿಂದ ಇನ್ನು ಪ್ರಯೋಜನವಿಲ್ಲವೆಂದಾಗ ನಾವೂ ಸುಮ್ಮನೆ ಕೂತಿದ್ದೆವು. ಅವನು ಆರಾಧನೆಗೆ ಬರುವದನ್ನು ಬಿಟ್ಟನು. ನಾವು ಹುಡುಕಿಕೊಂಡು ಹೋಗಲಿಲ್ಲ. ಇದನ್ನು ನಾಚಿಕೆಯಿಂದ ಅರಿಕೆಮಾಡುತ್ತೇವೆ. ಊರಿನವರು ಒಂದು ಕಾಲದಲ್ಲಿ ನಮ್ಮನ್ನೇ ಕೀಳೆಂದು ದೂರ ನಿಲ್ಲಿಸಿರಲಿಲ್ಲವೋ? ಹಾಗೆ ನಿಂತವರೇ ಈಗ ಮತ್ತೊಬ್ಬನನ್ನು ದೂರ ನಿಲ್ಲಿಸಬಹುದೋ?

ಕಲ್ಲಿಗೋಸ್ಕರ ಪ್ರಾಣವನ್ನು ಕಳಕೊಳ್ಳುವದು ಮೂಢತನವೇ ಸರಿ. ಆದರೆ ಕರ್ತನು ನಮ್ಮ ಕತ್ತಲಿನ ಗುಂಡಿಗೆ ತಿಳಿದೇ ಇಳಿದು, ನಮಗೋಸ್ಕರ ತನ್ನ ಪ್ರಾಣವನ್ನೇ ಕೊಟ್ಟನು. ಹೀಗಿರಲಾಗಿ ಈ ವಾರದಲ್ಲಿ ಇಬ್ಬಿಬ್ಬರಾಗಿ ಕೂಡಿ, ಪ್ರಾರ್ಥಿಸಿ, ಬಿಟ್ಟುಹೋದ ಒಬ್ಬನ ಮನೆಗೆ ಹೋಗೋಣ. ಮಾತಿನ ಸುತ್ತಿಗೆಯನ್ನು ಹೊರಗಿಟ್ಟು ಹೋಗೋಣ. ಅವನನ್ನು ಬೆಳಕಿಗೆ ತರುವ ದೇವರು ಅವನಲ್ಲಿ ಯಾವ ಬಣ್ಣವನ್ನು ತೋರಿಸುವನೋ ನಾವು ಕಾಣುವೆವು. ಆಮೆನ್.