ಹೂವಿನ ಹೊಲದ ಅಂಚಿನಲ್ಲಿ

ನಮ್ಮ ಎದುರು ಮನೆಯವರ ಮಗ ಮತ್ತು ಸೊಸೆ ನೆದರ್ಲೆಂಡ್ಸ್‌ನ ಲೈಡನ್ ಪಟ್ಟಣದಲ್ಲಿ ಸಂಸಾರ ಹೂಡಿದ್ದಾರೆ. ಪರದೇಶದ ಬಾಳುವೆ ಎಂದರೆ ನಮಗೆ ಇಲ್ಲಿ ಕಾಣುವುದು ಫೋನಿಗೆ ಬರುವ ಚಿತ್ರಗಳಷ್ಟೇ. ಅವುಗಳ ಹಿಂದಿನ ಚಳಿಗಾಲ ಕಾಣುವುದಿಲ್ಲ. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಒಂಬತ್ತರ ಹತ್ತಿರ, ಸಂಜೆ ನಾಲ್ಕೂವರೆಗೆಲ್ಲ ಮುಳುಗಿಯೂ ಆಯಿತು. ಇಬ್ಬರೂ ಕತ್ತಲಲ್ಲೇ ಕೆಲಸಕ್ಕೆ ಹೊರಟು ಕತ್ತಲಲ್ಲೇ ಮನೆ ಸೇರುತ್ತಾರೆ. ಒಗೆದ ಬಟ್ಟೆ ಮನೆಯೊಳಗೇ ಒಣಗಬೇಕು. ಒಬ್ಬರು ಸಾರಿಗಿಟ್ಟರೆ ಇನ್ನೊಬ್ಬರು ಪಾತ್ರೆಗೆ ನಿಲ್ಲಬೇಕು. ಯುಗಾದಿಗೆ ಬೇವಿನ ಹೂವನ್ನು ಇಲ್ಲಿಂದಲೇ ಒಣಗಿಸಿ ಕಳಿಸುತ್ತಾರೆ. ಮಾರ್ಚ್ ಕೊನೆಯ ಭಾನುವಾರ ಆ ದೇಶದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕಿಡುತ್ತಾರೆ. ಅಂದಿನಿಂದ ಸಂಜೆ ಬೆಳೆಯುತ್ತಾ ಹೋಗಿ ಏಪ್ರಿಲ್ ಕೊನೆಗೆ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಗಂಡ ಹೆಂಡತಿ ಸಾವಧಾನವಾಗಿ ಮಾತಾಡಿಕೊಳ್ಳುವುದೂ ಆಗಲೇ ಅಂತೆ. ಎಲ್ಲಿದ್ದರೂ ದಾಂಪತ್ಯಕ್ಕೆ ಒಂದಿಷ್ಟು ಬಿಡುವು ಬೇಕಲ್ಲವೇ?

ಶನಿವಾರ ಚಿತ್ರಾನ್ನದ ಬುತ್ತಿ ಕಟ್ಟಿಕೊಂಡು ಇಬ್ಬರೂ ಸೈಕಲ್ ಹತ್ತುತ್ತಾರೆ. ಲೈಡನ್‌ನಿಂದ ಉತ್ತರಕ್ಕೆ ಹಾರ್ಲೆಮ್‌ವರೆಗೂ ಟುಲಿಪ್ ಗಡ್ಡೆಯ ಸೀಮೆ. ಸೈಕಲ್ ದಾರಿಗಳು ಕೂಡುವಲ್ಲೆಲ್ಲ ಸಂಖ್ಯೆ ಬರೆದ ಕಂಬಗಳಿವೆ. ಹಾದುಹೋಗಬೇಕಾದ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಯಾರನ್ನೂ ದಾರಿ ಕೇಳಬೇಕಿಲ್ಲ. ಲಿಸ್ಸೆ ಎಂಬ ಊರಿನಲ್ಲಿ ಹೆಸರಾಂತ ಕ್ಯೂಕೆನ್‌ಹಾಫ್ ತೋಟವಿದೆ. 1950ರಿಂದ ಜನರಿಗೆ ತೆರೆದಿರುವ ಆ ತೋಟದಲ್ಲಿ ಚಳಿಗಾಲಕ್ಕೆ ಮುಂಚೆ ಸುಮಾರು 70 ಲಕ್ಷ ಗಡ್ಡೆಗಳನ್ನು ಕೈಯಿಂದಲೇ ನೆಡುತ್ತಾರೆ. ಅಷ್ಟು ಶ್ರಮಪಟ್ಟು ಬಾಗಿಲು ತೆರೆಯುವುದು ವಸಂತದ ಎಂಟು ವಾರ ಮಾತ್ರ. ಟಿಕೆಟ್ ಕೊಂಡು ಅದನ್ನೂ ನೋಡಿದ್ದಾರೆ. ಆದರೆ ಅವರ ಮನಸ್ಸು ನೆಟ್ಟಿರುವುದು ಹೊರಗಿನ ಹೊಲಗಳಲ್ಲಿ. ಕಾಲುವೆಯ ಏರಿಯ ಮೇಲೆ ಕೂತು ಊಟ ಮಾಡಬಹುದು. ಅಲ್ಲಲ್ಲಿ ರೈತರ ಮನೆಯ ಮುಂದೆ ಮೇಜಿನ ಮೇಲೆ ಹೂವಿನ ಕಟ್ಟುಗಳು, ಪಕ್ಕದಲ್ಲೊಂದು ದುಡ್ಡಿನ ಡಬ್ಬಿ. ಕಾಯುವವರು ಯಾರೂ ಇಲ್ಲ. ಹೂ ತೆಗೆದುಕೊಂಡವರು ಬೆಲೆ ಹಾಕಿ ಹೋಗುತ್ತಾರೆ.

ಆ ಹೊಲಗಳಲ್ಲಿ ರೈತ ಬೆಳೆಯುವುದು ಹೂವನ್ನಲ್ಲ, ಗಡ್ಡೆಯನ್ನು. ಹೂ ಅರಳಿದ ಹೊತ್ತಿನಲ್ಲಿ ಆಳುಗಳು ಬಗ್ಗಿ ನೋಡುತ್ತಾ ಸಾಲುಗಳ ನಡುವೆ ನಿಧಾನವಾಗಿ ಹೆಜ್ಜೆಯಿಡುತ್ತಾರೆ. ಎಸಳಿನ ಬಣ್ಣ ಒಡೆದು ಗೆರೆಗೆರೆಯಾಗಿದ್ದರೆ ವೈರಸ್ ತಗುಲಿದೆ ಎಂದರ್ಥ, ಆ ಗಿಡವನ್ನು ತೆಗೆದುಬಿಡುತ್ತಾರೆ. 1593ರಲ್ಲಿ ಲೈಡನ್ ವಿಶ್ವವಿದ್ಯಾಲಯದ ಸಸ್ಯೋದ್ಯಾನಕ್ಕೆ ಬಂದ ಕ್ಲೂಸಿಯಸ್ ಎಂಬ ವಿದ್ವಾಂಸ ಟುಲಿಪ್ ನೆಟ್ಟ ಮುಂದಿನ ಕಾಲದಲ್ಲಿ, ಇದೇ ಗೆರೆಯ ಹೂಗಳಿಗೆ ಸಿರಿವಂತರು ಮುಗಿಬಿದ್ದಿದ್ದರು. ಅದು ರೋಗವೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ತಪಾಸಣೆ ಮುಗಿಯುತ್ತಲೇ ಯಂತ್ರ ಬಂದು ಹೂವಿನ ತಲೆಗಳನ್ನೆಲ್ಲ ಸವರಿಹಾಕುತ್ತದೆ, ಬೀಜಕ್ಕೆ ಹೋಗುವ ಸತ್ತ್ವ ಗಡ್ಡೆಗೆ ಇಳಿಯಲಿ ಎಂದು. ಎಲೆ ಮಾತ್ರ ಉಳಿಯಬೇಕು. ಜೂನ್–ಜುಲೈನಲ್ಲಿ ಅಗೆಯುವ ತನಕ ಗಡ್ಡೆ ಬಲಿಯುವುದು ಎಲೆಯ ಬಲದಿಂದ. ಫೋಟೊದ ಆಸೆಗೆ ಸಾಲಿನೊಳಗೆ ನುಗ್ಗಿದವರ ಕಾಲಡಿ ಮುರಿಯುವುದು ಆ ಎಲೆಯೇ. ಶೂಗೆ ಮೆತ್ತಿದ ಮಣ್ಣಿನೊಡನೆ ರೋಗವೂ ಒಂದು ಹೊಲದಿಂದ ಇನ್ನೊಂದಕ್ಕೆ ಸಾಗುತ್ತದೆ. ಕೆಲವು ಕಡೆ ಹಗ್ಗ, ಫಲಕ ಹಾಕಿದ್ದಾರೆ. ಎಷ್ಟೋ ಕಡೆ ಏನೂ ಇಲ್ಲ. ಈ ದಂಪತಿಯ ಚಿತ್ರಗಳಲ್ಲಿ ಇಬ್ಬರೂ ಯಾವಾಗಲೂ ರಸ್ತೆಯ ಬದಿಯಲ್ಲೇ ನಿಂತಿರುತ್ತಾರೆ. "ಎಲ್ಲರೂ ಹೂವಿನ ನಡುವೆ ನಿಂತು ತೆಗೆಸಿಕೊಳ್ಳುತ್ತಾರೆ, ನೀವ್ಯಾಕೆ ಇಲ್ಲ?" ಎಂದು ಅತ್ತೆ ಕೇಳಿದರಂತೆ. "ಅದು ಅವರ ಬೆಳೆ ಅತ್ತೆ" ಎಂದಳಂತೆ ಸೊಸೆ. ಅತ್ತೆ ಗದ್ದೆ ಮಾಡುವ ಮನೆಯಲ್ಲಿ ಹುಟ್ಟಿದವರು. ಮತ್ತೆ ಕೇಳಲಿಲ್ಲ.

ಇದನ್ನು ಕೇಳಿದಾಗ ನನಗೆ ನಮ್ಮ ಗುಂಡ್ಲುಪೇಟೆಯ ದಾರಿ ನೆನಪಾಯಿತು. ಮಳೆ ಹಿಡಿಯುವ ಹೊತ್ತಿಗೆ ಅಲ್ಲಿ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು ಕಣ್ಣಿಗೆ ಹಬ್ಬ. ಊಟಿಗೆ ಹೊರಟ ಕಾರುಗಳು ಸಾಲಾಗಿ ನಿಲ್ಲುತ್ತವೆ. ಹೊಲಕ್ಕಿಳಿದು ಫೋಟೊ ತೆಗೆದುಕೊಳ್ಳಲು ಕೆಲವು ರೈತರು ಹಣ ಕೇಳುತ್ತಾರೆ. ಹೂ ನೋಡುವುದಕ್ಕೂ ದುಡ್ಡೇ ಎಂದು ಗೊಣಗುವವರಿದ್ದಾರೆ. ನನಗೇನೋ ರೈತ ಕೇಳುವುದು ಸರಿ ಎನಿಸುತ್ತದೆ. ಸೂರ್ಯಕಾಂತಿ ಎಣ್ಣೆಗೆ ಹೋಗುವ ಬೆಳೆ, ಚೆಂಡುಹೂ ಬಣ್ಣದ ಕಾರ್ಖಾನೆಗೆ ತೂಕದ ಲೆಕ್ಕದಲ್ಲಿ ಹೋಗುವ ಬೆಳೆ. ನಮ್ಮ ತೋಳು ತಗುಲಿ ಮುರಿದ ಗಿಡದ ನಷ್ಟ ಅವನದೇ. ಆದ್ದರಿಂದ ಮೊದಲು ಹೊಲದವರನ್ನು ಒಂದು ಮಾತು ಕೇಳೋಣ, ಅವರು ಹೇಳಿದ್ದನ್ನು ಚೌಕಾಸಿ ಮಾಡದೆ ಕೊಡೋಣ, ಮಕ್ಕಳನ್ನು ಬದುವಿನ ಮೇಲೆ ನಿಲ್ಲಿಸೋಣ. ಕಾಳು ಬಲಿಯಲು ಎಷ್ಟು ದಿನ ಬೇಕು, ಗಿಳಿಗಳನ್ನು ಹೇಗೆ ಓಡಿಸುತ್ತೀರಿ ಎಂದು ಮಕ್ಕಳೇ ಕೇಳಲಿ. ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ವಿವರಿಸುವ ರೈತರೇ ಹೆಚ್ಚು.